ಪ್ಯಾನೆಲ್ಲಿನೊಳಗೆ ಅತ್ತೆ

ಜೂನ್ 3

ಕಲಂಗಾಲ ದ್ವೀಪದಿಂದ ನಿನ್ನೆ ಸಂಜೆ ವಾಪಸಾದೆ. ಸೋದರಮಾವನ ಉತ್ತರಕ್ರಿಯೆಗೆಂದು ಹೋದವನು. ಕ್ರಿಯೆ ಬೇಗ ಮುಗಿಯಿತು, ಆದರೆ ದಾಟಿಸುವ ದೋಣಿಯ ಎಂಜಿನ್ನು ಕೆಟ್ಟು ಕೂತಿತು. ಸರೋವರದ ಮೀನು ತಿಂದು ತಿಂದು ಮೈಯೆಲ್ಲ ಮೀನು ವಾಸನೆ. ಇವತ್ತು ಮಸಾಕದ ನಮ್ಮ ಕಾಫಿ ಕಾರ್ಖಾನೆಗೆ ಹೋಗಿ ನೋಡಿದರೆ ಯಂತ್ರಗಳನ್ನೆಲ್ಲ ನಡೆಸುವ ನನ್ನ ಹಳೆಯ ಪ್ಯಾನೆಲ್ ಮಾಯ. ಅದರ ಜಾಗದಲ್ಲಿ ನನಗಿಂತ ಒಂದು ಗೇಣು ಎತ್ತರದ ಬೂದುಬಣ್ಣದ ಕಬ್ಬಿಣದ ಬೀರು. ಎದೆಯ ಮೇಲೆ ಹಸಿರು, ಕೆಂಪು, ಹಳದಿ ದೀಪಗಳು, ಪ್ರತಿ ಮೋಟಾರಿಗೂ ಒಂದೊಂದು ಜೊತೆ ಗುಂಡಿ, ನಡುವೆ ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸುವ ಅಣಬೆಯಂಥ ದೊಡ್ಡ ಕೆಂಪು ಗುಂಡಿ. ಬಾಗಿಲು ತೆರೆದು ಒಳಗೆ ನೋಡಿದೆ. ಮದುವೆಯ ಹೆಣ್ಣಿಗೆ ಜಡೆ ಹೆಣೆದ ಹಾಗೆ ವೈರುಗಳನ್ನು ಬಾಚಿ ಕಟ್ಟಿದ್ದಾರೆ. ಕಣ್ಣಿಗೆ ಹಬ್ಬ.

ಹೊಸ ಪ್ಯಾನೆಲ್ ಬೇಕಾಗಿಯೇ ಇತ್ತು. ಹಳೆಯದು ಏನು ಕೆಟ್ಟರೂ ಒಂದೇ ಥರ ಕಿರ್ರೆನ್ನುತ್ತಿತ್ತು. ಕಿವಿ ಉಳಿಸಿಕೊಳ್ಳಲು ಅದರ ಬಾಯಿಗೆ ಎಲ್ಲರೂ ಸೇರಿ ಬಟ್ಟೆ ತುರುಕಿದ್ದೆವು. ಹಾಗಾಗಿ ಡ್ರೈಯರಿನಲ್ಲಿ ಎರಡು ಸಲ ಕಾಫಿ ಸುಟ್ಟು ಕರಕಲಾಯಿತು. ಇನ್ನೊಮ್ಮೆ ಸುಟ್ಟರೆ ಡ್ರೈಯರನ್ನೇ ಬಿಚ್ಚಿಕೊಂಡು ಹೋಗುತ್ತೇವೆ ಎಂದು ಕಂಪಾಲದ ದೊಡ್ಡ ಕಚೇರಿಯವರು ಹೇಳಿದ್ದಾರೆ. ಡ್ರೈಯರ್ ಹೋದರೆ ಅದರ ಹಿಂದೆಯೇ ನಾವೆಲ್ಲರೂ.

ಸರಿ, ಹಸಿರು ಗುಂಡಿ ಒತ್ತಿದೆ. ಪ್ಯಾನೆಲ್ಲಿನ ಬಾಗಿಲು ಪೂರ್ತಿ ಕೂತಿರಲಿಲ್ಲವಂತೆ. ಒಳಗಿಂದ ಒಂದು ಗರ್ಜನೆ ಬಂತು.

"ಏಯ್! ಬಾಗಿಲು ಹಾಕೋ! ಇದೇನು ನಿನ್ನಪ್ಪನ ಮನೆ ಅಂದ್ಕೊಂಡ್ಯಾ?"

ನಾನು ಒಂದೇ ನೆಗೆತಕ್ಕೆ ಕಾಫಿ ಮೂಟೆಗಳ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಯಾಕೆಂದರೆ ಅದು ನನ್ನ ಅತ್ತೆಯ ದನಿ.

ನನ್ನ ಜೊತೆಯ ಆಪರೇಟರ್ ಮುತ್ಯಾಬ ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಉರುಳಾಡುತ್ತಿದ್ದ. "ಎದ್ದು ಬಾರೋ ಸೆಬಗ್ಗಲ! ಅವರು ಗೇಟಿನ ಹತ್ರಾನೇ ಇದಾರೆ. ಇದು ಬರೀ ದನಿ!"

ಜೂನ್ 4

ನಡೆದದ್ದು ಇಷ್ಟು. ಪ್ಯಾನೆಲ್ ಕಟ್ಟಿದವರು ಅಕೆಲ್ಲೊ ಎಂಬ ಎಂಜಿನಿಯರ್ ಮೇಡಂ, ಉತ್ತರದ ಲಿರಾ ಕಡೆಯವರು. ಕಿರ್ರೆನ್ನುವ ಸದ್ದಿಗೆ ನಾವು ಮಾಡಿದ್ದ ಸತ್ಕಾರ ನೋಡಿ, "ಈ ಸಲ ಮನುಷ್ಯರ ಮಾತೇ ಹಾಕೋಣ. ಯಾರ ದನಿ ಕೇಳಿದ್ರೆ ನೀವೆಲ್ಲ ಬಿದ್ದೆದ್ದು ಓಡಿ ಬರ್ತೀರಿ?" ಎಂದು ಕೇಳಿದರಂತೆ. ಎಲ್ಲರ ಬೆರಳೂ ಒಟ್ಟಿಗೆ ಗೇಟಿನ ಕಡೆಗೆ ತಿರುಗಿತಂತೆ.

ಗೇಟಿನಲ್ಲಿ ಕಟೋಗೊ ಮಾರುವವರು ನನ್ನ ಅತ್ತೆ. ಬಾಳೆಕಾಯಿಯನ್ನೂ ಕರುಳನ್ನೂ ಒಟ್ಟಿಗೆ ಬೇಯಿಸಿ ಬೆಳಿಗ್ಗೆ ಬೆಳಿಗ್ಗೆ ಅವರು ಬಡಿಸುವುದನ್ನು ತಿನ್ನದೆ ಈ ಕಾರ್ಖಾನೆಯಲ್ಲಿ ಯಾರೂ ಮೂಟೆ ಎತ್ತುವುದಿಲ್ಲ, ನನ್ನ ಹೊರತು. ಅವಳಿ ಹೆತ್ತ ತಾಯಿಯಾದ್ದರಿಂದ ಊರಿಗೆಲ್ಲ ಅವರು ನಾಲೊಂಗೊ. ಆ ಗಂಟಲಿಗೆ ಬೈಕ್ ಟ್ಯಾಕ್ಸಿಯವರು ಬ್ರೇಕು ಹಾಕುತ್ತಾರೆ. ಇಗರ್ಜಿಯಲ್ಲಿ ಅವರು ಹಾಡಿದರೆ ಪಾದ್ರಿಗೇ ಮೈಕು ಬೇಕಾಗುತ್ತದೆ. ಅಕೆಲ್ಲೊ ಅವಳಿಗಳ ಬೆನ್ನಿಗೆ ಹುಟ್ಟಿದವರೆಂದು ಗೊತ್ತಾದ ಕೂಡಲೇ ನಾಲೊಂಗೊ, "ಹಾಗಾದ್ರೆ ನನ್ನ ಕಿಜ್ಜಾ ಥರಾನೇ ನೀನೂ ನನ್ನ ಮಗಳೇ" ಎಂದು ಏಪ್ರನ್ನು ಕಟ್ಟಿಕೊಂಡೇ ಬಂದು ಎಲ್ಲ ಎಚ್ಚರಿಕೆಗಳನ್ನೂ ಹೇಳಿ ಹೋದರಂತೆ. "ಒಬ್ಬ ಮಹಾ ಸೋಮಾರಿ ಎದುರಿಗೆ ಕೂತಿದಾನೆ ಅಂದ್ಕೊಳ್ಳಿ" ಎಂದು ಮೇಡಂ ಹೇಳಿಕೊಟ್ಟಿದ್ದರಂತೆ. ಚೆನ್ನಾಗಿಯೇ ಅಂದುಕೊಂಡಿದ್ದಾರೆ.

ಆ ಕಿಜ್ಜಾಳೇ ನನ್ನ ಹೆಂಡತಿ.

ನಮ್ಮಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಮುಟ್ಟಬಾರದು, ನೇರ ಮಾತಾಡಬಾರದು. ತಪ್ಪಿದರೆ ಕೈನಡುಕ ಹಿಡಿಯುತ್ತದೆ. ಮದುವೆಯಾದಾಗಿನಿಂದ ನಾನು ಹಿಂದಿನ ಮರಗೆಣಸಿನ ತೋಟ ನುಗ್ಗಿ, ಬೇಲಿ ಹಾರಿ ಕೆಲಸಕ್ಕೆ ಹೋಗುತ್ತಿದ್ದೇನೆ. ಎಷ್ಟು ಪ್ಯಾಂಟು ಹರಿದವೋ. ಈಗ ಅದೇ ಅತ್ತೆಯನ್ನು ತಂದು ನನ್ನ ಮೂಗಿನ ಮುಂದೆ ನಿಲ್ಲಿಸಿದ್ದಾರೆ.

ಕಿಜ್ಜಾಗೆ ಹೇಳಿದೆ. ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ನಕ್ಕಳು. ಅವಳ ನಗು ನಿಲ್ಲುವಷ್ಟರಲ್ಲಿ ಒಲೆಯ ಮೇಲಿದ್ದ ಶೇಂಗಾ ಸಾರು ತಳ ಹಿಡಿದಿತ್ತು.

ಜೂನ್ 5

ಅಕೆಲ್ಲೊ ಮೇಡಂಗೆ ಫೋನ್ ಮಾಡಿ ದನಿ ಬದಲಾಯಿಸಿಕೊಡಿ ಎಂದು ಬೇಡಿಕೊಂಡೆ.

"ಅಯ್ಯೋ, ನಂಗೆ ಈ ಕಡೆ ಪದ್ಧತಿ ಗೊತ್ತಿರ್ಲಿಲ್ಲ ಸೆಬೊ. ಮುಂದಿನ ತಿಂಗಳು ತಪಾಸಣೆಗೆ ಬರ್ತೀನಲ್ಲ, ಆಗ ಬೇರೆ ದನಿ ತರ್ತೀನಿ. ಅಲ್ಲೀತನಕ ಸ್ವಲ್ಪ ಸಹಿಸ್ಕೊಳ್ಳಿ."

ಬಾಯ್ತುಂಬ ಸೆಬೊ ಎಂಬ ಮರ್ಯಾದೆ, ಜೊತೆಗೆ ಸಹಿಸಿಕೊಳ್ಳುವುದಂತೆ. ಇವತ್ತು ಮಧ್ಯಾಹ್ನದೊಳಗೆ ನನ್ನ ತಂದೆಯ ಹೆಸರು ಪ್ಯಾನೆಲ್ಲಿನಿಂದ ನಾಲ್ಕೈದು ಸಲ ಹೊರಬಿತ್ತು.

ಜೂನ್ 6

ಕ್ಯೊಟೇರಾದಲ್ಲಿರುವ ದೊಡ್ಡಪ್ಪ ಜಕಾಲಿಯನಿಗೆ ಫೋನ್ ಮಾಡಿದೆ. ನಮ್ಮ ಬಳಗದಲ್ಲಿ ಯಾವುದು ಮಡಿ, ಯಾವುದು ಮೈಲಿಗೆ ಎಂದು ತೀರ್ಮಾನಿಸುವವನು ಅವನೇ. ಅವನಿಗೆ ಪ್ಯಾನೆಲ್ ಅಂದರೇನೆಂದು ತಿಳಿಸುವಷ್ಟರಲ್ಲಿ ಫೋನಿನ ದುಡ್ಡು ಮುಗಿಯುತ್ತ ಬಂದಿತ್ತು.

"ಕಬ್ಬಿಣದ ಪೆಟ್ಟಿಗೆ. ಒಳಗೆ ಅತ್ತೆ ಮಾತಾಡ್ತಾಳೆ. ಹೌದಾ?"

"ಅತ್ತೆ ಇಲ್ಲ ದೊಡ್ಡಪ್ಪ. ದನಿ ಮಾತ್ರ."

"ದನಿ ಇದ್ದಲ್ಲಿ ಆಳು ಇರ್ಲೇಬೇಕಲ್ಲೋ. ನೋಡು, ಕೇಳಿದ್ರೆ ದೋಷ ಇಲ್ಲ. ಗೋಡೆ ಆಚೆಯಿಂದ ಕೇಳೋದು ಮೊದ್ಲಿಂದ ಇರೋದೇ. ಮುಟ್ಬೇಡ, ಅಷ್ಟೇ."

"ಮುಟ್ಟೋದೇ ನನ್ನ ಕೆಲಸ ದೊಡ್ಡಪ್ಪ! ಗುಂಡಿ ಒತ್ಬೇಕು!"

"ಹಾಗಾದ್ರೆ ಕೋಲಲ್ಲಿ ಒತ್ತು" ಎಂದವನೇ ಫೋನಿಟ್ಟ.

ಜೂನ್ 8

ಅಡುಗೆಮನೆಯಿಂದ ಮರದ ಸೌಟು ಒಯ್ದೆ. ಹಿಡಿಯ ತುದಿಯಿಂದ ಗುಂಡಿ ಒತ್ತಿದರೆ ಸಲೀಸು. ಆದರೆ ಸಿಪ್ಪೆ ಸುಲಿಯುವ ಹಲ್ಲರಿನ ಹಸಿರು ಗುಂಡಿಯೂ ಕಾಫಿ ಮೇಲೆತ್ತುವ ಬಕೆಟ್ ಸರಪಳಿಯ ಹಸಿರು ಗುಂಡಿಯೂ ಅಕ್ಕಪಕ್ಕ ಇವೆ. ಒಂದು ಒತ್ತಲು ಹೋಗಿ ಎರಡೂ ಒತ್ತಿದೆ. ಕಾಫಿ ಎಲ್ಲೋ ಹೊರಟಿತು, ಬಕೆಟ್ಟುಗಳು ಎಲ್ಲೋ ಹೊರಟವು.

"ಗಂಟಲಲ್ಲಿ ಸಿಕ್ಕೊಂಡಿದೆ! ನಿಲ್ಸೋ! ನುಂಗೋಕಾದ್ರೂ ಬಿಡ್ತೀಯೇನೋ?" ಎಂದಿತು ಪ್ಯಾನೆಲ್.

"ಮಸಾಲೆ ಸಾಕಾಗಿದ್ಯಾ ನೋಡು" ಎಂದ ಮುತ್ಯಾಬ, ನನ್ನ ಕೈಯ ಸೌಟು ನೋಡಿ.

ಜೂನ್ 10

ಸೌಟನ್ನು ಬಿಟ್ಟು ದಪ್ಪ ರಬ್ಬರ್ ಕೈಗವಸು ಹಾಕಿಕೊಂಡೆ. ರಬ್ಬರು ನಡುವೆ ಇದ್ದರೆ ಮುಟ್ಟಿದ ಹಾಗಾಗುವುದಿಲ್ಲ, ಕರೆಂಟಿಗೂ ಅದೇ ನ್ಯಾಯ ತಾನೆ. ಮ್ಯಾನೇಜರ್ ತುಮುಸೀಮೆ ಸಾಹೇಬರು ಬಂದು ನನ್ನ ಕೈಯನ್ನೇ ನೋಡುತ್ತ ನಿಂತರು. ಬೈಗುಳ ಬಂತು ಎಂದುಕೊಂಡೆ.

"ನೋಡ್ರಯ್ಯ ಎಲ್ಲರೂ! ಸುರಕ್ಷತೆ ಅಂದ್ರೆ ಇದು! ನಾನು ಬಾಯಿ ಬಿಟ್ಟು ಹೇಳೋದು ಬೇಡ, ಈ ಮನುಷ್ಯ ತಾನಾಗೇ ಹಾಕ್ಕೊಂಡಿದಾನೆ. ನಾಳೆಯಿಂದ ಗುಂಡಿ ಮುಟ್ಟೋರೆಲ್ಲ ಹೀಗೇ!"

ಮುತ್ಯಾಬನಿಗೂ ಕೈಗವಸು ಬಂತು. ಇಡೀ ದಿನ ಬೆವರಿದ ಕೈ ಹಿಂಡುತ್ತ ನನ್ನ ವಂಶವನ್ನು ಶಪಿಸಿದ. ನನಗೆ ಬಹಳ ದಿನಗಳ ಮೇಲೆ ಊಟ ರುಚಿಸಿತು.

ಜೂನ್ 13

ಕೈ ನಡುಗುತ್ತಿದೆ. ಬೆಳಿಗ್ಗೆ ಚಹಾದ ಲೋಟ ತಟ್ಟೆಯ ಮೇಲೆ ಕಟಕಟ ಎಂದಿತು. ಕೈಗವಸು ಹಾಕಿದ್ದರೂ! ದೊಡ್ಡಪ್ಪನ ಲೆಕ್ಕ ತಪ್ಪಾಗಿರಬೇಕು.

"ಇಡೀ ದಿನ ನಡುಗೋ ಹಲ್ಲರ್ ಪಕ್ಕ ನಿಂತ್ರೆ ಆನೆ ಕೈಯೂ ನಡುಗುತ್ತೆ ಕಣ್ರೀ" ಎಂದಳು ಕಿಜ್ಜಾ. "ಇನ್ನೂ ಒಂದು ವಿಷಯ. ಬಿಟ್ಟಿ ಸಿಗುತ್ತೆ ಅಂತ ದಿನಾ ಎಷ್ಟು ಲೋಟ ಕಾಫಿ ಕುಡೀತೀರಿ ಅಲ್ಲಿ?"

ಹೆಂಗಸರಿಗೆ ಇಂಥ ವಿಷಯದ ಗಾಂಭೀರ್ಯ ಗೊತ್ತಾಗುವುದಿಲ್ಲ.

ಮುತ್ಯಾಬ ಬೇಕೆಂದೇ ಪ್ಯಾನೆಲ್ಲಿನ ಬಾಗಿಲು ಸಡಿಲಿಸಿ ಓಡುತ್ತಾನೆ. ನಾನು ಮೂಟೆಗಳ ಹಿಂದೆ ಹೋಗುವುದನ್ನು ನೋಡಲು ಹಮಾಲರು ಬಿಡುವಿನಲ್ಲಿ ಬಂದು ಸಾಲಾಗಿ ಕೂರುತ್ತಾರೆ.

ಜೂನ್ 18

ಇವತ್ತು ಓಡಲಿಲ್ಲ. ಮಂಡಿ ನೋಯುತ್ತಿತ್ತು.

ಓಡದೆ ನಿಂತು ಕೇಳಿದರೆ ಒಂದು ವಿಷಯ ತಿಳಿಯಿತು. ಅತ್ತೆಯ ದನಿಯಲ್ಲಿ ಎಲ್ಲ ಎಚ್ಚರಿಕೆಗಳೂ ಒಂದೇ ಥರ ಇಲ್ಲ. ಬಾಗಿಲಿನದು ಬರೀ ರೇಗಿದ್ದು. ಮೇಲಿನ ತೊಟ್ಟಿ ತುಂಬಿದಾಗ ಬರುವ "ಹೊಟ್ಟೆ ಬಿರಿಯೋ ಹಾಗೆ ತುಂಬಿದ್ರೂ ತುರುಕ್ತಾನೇ ಇದೀಯಲ್ಲೋ" ಎಂಬುದರಲ್ಲಿ ಬಡಿಸುವವರ ಒಂದು ಸಂಕಟವಿದೆ. "ಬೆಂಕಿ ಜಾಸ್ತಿ ಆಯ್ತು! ಕಣ್ಣೇನು ಕಿಸೇಲಿಟ್ಕೊಂಡಿದೀಯ?" ಎನ್ನುವಾಗ ನಿಜವಾಗಿಯೂ ಹೆದರಿದ್ದಾರೆ. ಪಾಳಿ ಬದಲಾಗುವಾಗ, ಏನೂ ಕೆಟ್ಟಿಲ್ಲದಿದ್ದರೆ, ಇನ್ನೊಂದು ಬರುತ್ತದೆ. "ಎಲ್ಲಾ ಸರಿಯಾಗಿದೆ. ಹಾಗಂತ ನಿದ್ದೆ ಹೋಗ್ಬೇಡ." ಅದರ ಕೊನೆಯಲ್ಲಿ, ಕಿವಿಯಿಟ್ಟು ಕೇಳಿದರೆ, ಒಂದು ಸಣ್ಣ ನಗು ಇದೆ. ಮುತ್ಯಾಬನಿಗೆ ಹೇಳಿದೆ. ಅವನಿಗೆ ಕೇಳಿಸಲಿಲ್ಲವಂತೆ. ಕಿವುಡ.

ಜೂನ್ 20

ದೊಡ್ಡ ರಗಳೆ. ಪ್ಯಾನೆಲ್ಲಿನ ಮುಂದೆ ಇರುವುದು ಯಾರೆಂದು ಅತ್ತೆಗೆ ಇವತ್ತು ಗೊತ್ತಾಯಿತು. ನಾನು ಅಂಗಳದಲ್ಲೆಲ್ಲೋ ಮೂಟೆ ಎಣಿಸುತ್ತೇನೆ, ಪ್ಯಾನೆಲ್ಲಿಗೆ ಮುತ್ಯಾಬನೊಬ್ಬನೇ ಎಂದುಕೊಂಡಿದ್ದರಂತೆ! ಕಟೋಗೊ ತಿನ್ನುತ್ತ ಯಾವನೋ ಹಮಾಲ, "ನಾಲೊಂಗೊ, ನಿಮ್ಮ ಅಳಿಯಂಗೆ ದಿನಾ ಚೆನ್ನಾಗಿ ಬಡಿಸ್ತೀರಿ ಬಿಡಿ" ಎಂದನಂತೆ. ಅತ್ತೆ ಸೌಟನ್ನು ಅಲ್ಲೇ ಬಿಟ್ಟು, ಮುಖ ಮುಚ್ಚಿಕೊಂಡು ಮನೆಗೆ ಹೋದರಂತೆ. ಅರ್ಧ ಕಾರ್ಖಾನೆ ಉಪವಾಸ.

ಸಂಜೆ ಕಿಜ್ಜಾ ಒಂದು ಹುಂಜ ಹಿಡಿದುಕೊಂಡು ಬಂದಳು. "ಅಮ್ಮ ಕಳಿಸಿದಾರೆ. ಅಳಿಯಂದಿರನ್ನ ಏಕವಚನದಲ್ಲಿ ಬೈದೆ, ಅವರಪ್ಪನವರೆಗೂ ಹೋದೆ, ತಪ್ಪಾಯ್ತು ಅಂತ ಹೇಳು ಅಂದ್ರು. ಬಂದು ಎಲ್ಲಾನೂ ಬಹುವಚನದಲ್ಲಿ ಹೇಳ್ಕೊಡ್ತಾರಂತೆ."

"ಬಹುವಚನದಲ್ಲಾ? 'ದಯವಿಟ್ಟು ಬಾಗಿಲು ಹಾಕಿಕೊಳ್ಳಿ ಅಳಿಯಂದಿರೇ' ಅಂತಾನಾ? ಅಷ್ಟು ಹೊತ್ತಿಗೆ ಕಾಫಿ ಸುಟ್ಟು ಬೂದಿಯಾಗಿರುತ್ತೆ."

"ಮತ್ತೆ ದನಿ ತೆಗೆಸ್ಬೇಕು ಅಂತ ಹಾರಾಡ್ತಿದ್ದವರು ಯಾರು?"

ಹುಂಜದ ಕಡೆ ನೋಡಿದೆ. ಒಳ್ಳೆಯ ಮೈಕಟ್ಟಿನ ಹುಂಜ.

ಜೂನ್ 25

ಅತ್ತೆಗೆ ಆಸ್ಪತ್ರೆ. ಬಹಳ ದಿನದಿಂದ ಗಂಟಲಲ್ಲಿ ಒಂದು ಗಂಟು ಇತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ನಾಳೆ ಕತ್ತರಿಸಿ ತೆಗೆಯುತ್ತಾರೆ. ಕಿಜ್ಜಾ ಅಲ್ಲೇ ಇದ್ದಾಳೆ. ನಾನು ಒಳಗೆ ಹೋಗುವ ಹಾಗಿಲ್ಲ. ಆಸ್ಪತ್ರೆಯ ಮಾವಿನ ಮರದ ಕೆಳಗೆ ಕೂತು ಬಂದೆ.

ಜೂನ್ 26

ಕತ್ತರಿಸಿದರು. ಜೀವಕ್ಕೆ ಭಯವಿಲ್ಲ. ತಾವು ಹೇಳುವವರೆಗೂ ಒಂದು ಮಾತೂ ಆಡಕೂಡದು ಎಂದಿದ್ದಾರೆ. ದನಿ ಮರಳುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ.

ಪಾಳಿ ಬದಲಾಗುವಾಗ ಪ್ಯಾನೆಲ್, "ಎಲ್ಲಾ ಸರಿಯಾಗಿದೆ" ಎಂದಿತು. ಏನು ಸರಿಯಾಗಿದೆ ಎಂದು ಕೇಳಿದೆ, ಜೋರಾಗಿಯೇ. ಮುತ್ಯಾಬ ಇವತ್ತು ಬಾಗಿಲು ಸಡಿಲಿಸಲಿಲ್ಲ.

ಜೂನ್ 29

ಬರೆಯಲು ಕೂರುವಷ್ಟರಲ್ಲಿ ಮೈ ಕೈ ಎಲ್ಲ ಮಸಿ. ಆದರೂ ಬರೆದಿಡಬೇಕು.

ಮಧ್ಯಾಹ್ನ ಲಾರಿ ಬಂದಿತ್ತು. ಮೂಟೆ ಎಣಿಸಲು ಅಂಗಳಕ್ಕೆ ಹೋಗಿದ್ದೆ, ಮುತ್ಯಾಬ ಊಟಕ್ಕೆ ಕೂತಿದ್ದ. ಡ್ರೈಯರಿನ ತುಂಬ ವಿದೇಶಕ್ಕೆ ಹೋಗಬೇಕಾದ ಕಾಫಿ. ಆಗ ಫ್ಯಾನಿನ ಮೋಟಾರಿಗೆ ಕರೆಂಟು ತರುವ ಮೂರು ತಂತಿಗಳಲ್ಲಿ ಒಂದು ಕೈಕೊಟ್ಟಿತು. ಮೋಟಾರು ಸುಡಬಾರದೆಂದು ಪ್ಯಾನೆಲ್ ಗಾಳಿ ಬೀಸುವ ಫ್ಯಾನನ್ನು ಕೂಡಲೇ ನಿಲ್ಲಿಸಿತು. ಆದರೆ ಕುಲುಮೆಯಲ್ಲಿ ಕಾಫಿಹೊಟ್ಟು ಧಗಧಗ ಉರಿಯುತ್ತಲೇ ಇತ್ತು. ಗಾಳಿಯಿಲ್ಲ, ಬೆಂಕಿಯಿದೆ. ಹಿಂದೆ ಎರಡು ಸಲ ಸುಟ್ಟಿದ್ದೂ ಹೀಗೆಯೇ.

"ಗಾಳಿ ನಿಂತಿದೆ! ಬೆಂಕಿ ಎಳೀರೋ! ಏಳ್ರೋ, ಎಲ್ಲರೂ ಏಳ್ರೋ! ಯಾಕ್ರೋ ಇನ್ನೂ ಕೂತಿದೀರಾ!"

ಈ ಮಾತನ್ನು ಇದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ. ಹಲ್ಲರಿನ ಗದ್ದಲ ಸೀಳಿಕೊಂಡು ಅದು ಅಂಗಳದವರೆಗೂ ಬಂತು. ಹಮಾಲರು ಬೆನ್ನ ಮೇಲಿನ ಮೂಟೆಗಳನ್ನು ಇದ್ದಲ್ಲೇ ಬೀಳಿಸಿ ಓಡಿದರು. ಗುಮಾಸ್ತ ಓಡಿದ, ಲಾರಿ ಡ್ರೈವರ್ ಓಡಿದ, ಕೊರಳಿಗೆ ಕಟ್ಟಿದ ಊಟದ ಕರವಸ್ತ್ರದೊಂದಿಗೆ ಮ್ಯಾನೇಜರ್ ಸಾಹೇಬರೂ ಓಡಿದರು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಪೊಲೀಸಿನವನೂ ಬಂದ. ಯಾಕೆ ಬಂದೆ ಎಂದು ಆಮೇಲೆ ಕೇಳಿದರೆ, "ಎಲ್ಲರೂ ಅಂದ್ರಲ್ಲ" ಎಂದ.

ನಾನು ಕೆಂಪು ಗುಂಡಿಗೆ ಗುದ್ದಿದೆ. ಕುಲುಮೆಗೆ ಹೊಟ್ಟು ಸುರಿಯುವುದು ನಿಂತಿತು. ಮುತ್ಯಾಬ ಹೊಗೆಬಾಗಿಲು ಎಳೆದು ಬಿಸಿಯನ್ನು ಚಿಮಣಿಗೆ ತಿರುಗಿಸಿದ. ಉಳಿದವರು ಸಲಿಕೆಯಿಂದ ಕೆಂಡ ಎಳೆದು ನೀರು ಹೊಯ್ದರು. ಪ್ಯಾನೆಲ್ ಬೈಯುತ್ತಲೇ ಇತ್ತು. "ಎಳೀತಾ ಇದೀವಿ ನಾಲೊಂಗೊ! ಎಳೀತಾ ಇದೀವಿ!" ಎಂದು ಹಮಾಲರು ಉತ್ತರ ಕೊಡುತ್ತಿದ್ದರು. ನಾನೂ ಕೊಟ್ಟಿರಬಹುದು.

ಕಾಫಿಯನ್ನು ಅಂಗೈಗೆ ಹಾಕಿ ಮೂಸಿದೆ. ಬಿಸಿ, ಆದರೆ ಸುಟ್ಟ ವಾಸನೆಯಿಲ್ಲ. ಮ್ಯಾನೇಜರ್ ಸಾಹೇಬರು ನೆಲದ ಮೇಲೇ ಕೂತುಬಿಟ್ಟರು.

ಕೈಗವಸು ಆ ಗದ್ದಲದಲ್ಲಿ ಎಲ್ಲಿ ಬಿತ್ತೋ. ಹುಡುಕಲಿಲ್ಲ.

ಜುಲೈ 3

ಅತ್ತೆ ಮನೆಗೆ ಬಂದಿದ್ದಾರೆ. ಕಟೋಗೊ ಅಂಗಡಿಯಲ್ಲಿ ಈಗ ಅವರ ನಾದಿನಿ ಬಡಿಸುತ್ತಾಳೆ. ರುಚಿ ಅದೇ ಇದೆಯಂತೆ, ಆದರೆ ಯಾರೂ ಬೈಯದೆ ಇಳಿಯುವುದಿಲ್ಲವೆಂದು ಹಮಾಲರು ತಟ್ಟೆ ಹಿಡಿದುಕೊಂಡು ಪ್ಯಾನೆಲ್ ಹತ್ತಿರ ಬಂದು ತಿನ್ನುತ್ತಿದ್ದಾರೆ. ಇವತ್ತು ಇಗರ್ಜಿಯ ಹಾಡಿನ ಹೆಂಗಸರು ನಾಲ್ಕು ಜನ ಬಂದು, "ಒಂದ್ಸಲ ನಮ್ಮ ನಾಲೊಂಗೊ ದನಿ ಕೇಳಿಸ್ರಪ್ಪ" ಎಂದರು. ಬಾಗಿಲು ಸಡಿಲಿಸಿದೆ. ಬೈಗುಳ ಕೇಳಿ ಕಣ್ಣೊರೆಸಿಕೊಂಡು ಹೋದರು.

ಪ್ಯಾನೆಲ್ಲಿನ ಸ್ಪೀಕರಿಗೆ ಧೂಳು ಕೂರುತ್ತದೆ. ದಿನಾ ಬೆಳಿಗ್ಗೆ ಒರೆಸುವುದು ಒಳ್ಳೆಯದು.

ಜುಲೈ 9

ಅಕೆಲ್ಲೊ ಮೇಡಂ ಬಂದರು. ನಾನು ಕೇಳಿದ್ದನ್ನು ತಂದೇಬಿಟ್ಟಿದ್ದಾರೆ! ರೇಡಿಯೋದಲ್ಲಿ ಸುದ್ದಿ ಓದುವ ಕಂಪಾಲದ ಹೆಂಗಸೊಬ್ಬಳ ದನಿ. ಜೇನು ಸುರಿದ ಹಾಗೆ.

"ಗಮನಿಸಿ. ತಾಪಮಾನವು ನಿಗದಿತ ಮಿತಿಯನ್ನು ಮೀರುತ್ತಿದೆ."

"ಹ್ಯಾಗಿದೆ?" ಎಂದರು ಮೇಡಂ.

"ಚೆನ್ನಾಗಿದೆ. ಆದ್ರೆ ಸ್ಪೀಕರ್ ಹೊಂದಲ್ವೇನೋ" ಎಂದೆ.

"ಅದೇ ಸ್ಪೀಕರ್ ಅಲ್ವಾ ಸೆಬೊ?"

"ಇನ್ನು ಮಳೆಗಾಲ ಬೇರೆ ಬರುತ್ತೆ. ತೇವಕ್ಕೆ ಹೊಸ ದನಿ ಕೆಟ್ಟುಹೋದ್ರೆ?"

ಅವರು ನನ್ನನ್ನೊಮ್ಮೆ, ಒರೆಸಿ ಹೊಳೆಯುತ್ತಿದ್ದ ಸ್ಪೀಕರನ್ನೊಮ್ಮೆ ನೋಡಿದರು. ಆಮೇಲೆ, ಪರೀಕ್ಷೆ ಮಾಡಿಯೇ ಬಿಡೋಣ ಎಂದು, ಹೇಳದೆ ಕೇಳದೆ ಆ ಜೇನಿನ ದನಿಯನ್ನು ಮೂರು ಸಲ ಕೂಗಿಸಿದರು. ಮುತ್ಯಾಬ ಬೆನ್ನು ಕೆರೆದುಕೊಂಡ. ಒಬ್ಬ ಹಮಾಲ, "ಯಾವ ಸ್ಟೇಷನ್ನೋ ಇದು? ಫುಟ್‌ಬಾಲ್ ಹಾಕ್ರೋ" ಎಂದ. ಕಾರ್ಖಾನೆಯ ಹಿತದೃಷ್ಟಿಯಿಂದ ಹಳೆಯ ದನಿಯೇ ಇರಲಿ ಎಂದು ನಾನು ಹೇಳಬೇಕಾಯಿತು. ಕಾರ್ಖಾನೆಯ ಹಿತ, ಅಷ್ಟೇ.

ಜುಲೈ 14

ಭಾನುವಾರ. ಕಿಜ್ಜಾ ಬೆಳಿಗ್ಗೆ ಎಂದಳು, "ಅಮ್ಮ ಕೈಸನ್ನೆ ಮಾಡಿ ಏನೋ ಕೇಳ್ತಿದಾರೆ. ಪೆಟ್ಟಿಗೆ ತೋರಿಸ್ತಾರೆ, ಕಿವಿ ತೋರಿಸ್ತಾರೆ. ತನ್ನ ದನಿ ತಾನೇ ಕೇಳ್ಬೇಕಂತೆ."

"ಕರ್ಕೊಂಡ್ಬಾ. ನಾನು ಮುಂದುಗಡೆ ಇರ್ತೀನಿ, ಅವರನ್ನ ಹಿಂದುಗಡೆ ಕೂರಿಸು. ಪ್ಯಾನೆಲ್ ನಡುವೆ ಇರುತ್ತಲ್ಲ. ಗೋಡೆಗಿಂತ ಗಟ್ಟಿ ಅದು."

ಹಾಗೇ ಆಯಿತು. ಹಿಂಬದಿಯಲ್ಲಿ ಸ್ಟೂಲು ಎಳೆದ ಸದ್ದು, ಸೀರೆಯಷ್ಟು ಉದ್ದದ ಅವರ ಬಟ್ಟೆಯ ಸರಬರ. ಯಂತ್ರಗಳೆಲ್ಲ ನಿಂತಿದ್ದವು. ಒಂದೊಂದಾಗಿ ಎಚ್ಚರಿಕೆ ಕೊಡಿಸುವುದು ಹೇಗೆಂದು ಮೇಡಂ ಹೇಳಿಕೊಟ್ಟಿದ್ದರು. ಮೊದಲು ಬಾಗಿಲು, ಆಮೇಲೆ ಹೊಟ್ಟೆ ಬಿರಿಯುವುದು, ಗಂಟಲಲ್ಲಿ ಸಿಕ್ಕಿದ್ದು, ಬೆಂಕಿ.

ಆ ಕಡೆ ಸ್ಟೂಲು ಕಿರ್ರೆಂದಿತು.

"ಅಮ್ಮ ಅಳ್ತಿದಾರೆ" ಎಂದಳು ಕಿಜ್ಜಾ. ಮತ್ತೆ, "ಇಲ್ಲ, ನಗ್ತಿದಾರೆ. ಅಯ್ಯೋ, ಎರಡೂ."

ಕಬ್ಬಿಣಕ್ಕೆ ಬೆರಳಿನಿಂದ ಟಕಟಕ ಎಂದು ಬಡಿದರು. ಇನ್ನೊಮ್ಮೆ ಎಂದು ಅರ್ಥವಾಯಿತು. ಇನ್ನೊಮ್ಮೆ ಹಾಕಿದೆ. ಮತ್ತೆ ಟಕಟಕ. ಕೊನೆಗೆ "ಎಲ್ಲಾ ಸರಿಯಾಗಿದೆ, ಹಾಗಂತ ನಿದ್ದೆ ಹೋಗ್ಬೇಡ" ಹಾಕಿದೆ. ಅದಕ್ಕೆ ಟಕಟಕ ಬರಲಿಲ್ಲ. ಹೊರಗೆ ಮೋಡ ಕವಿದಿತ್ತು.

"ಅತ್ತೆ, ಮಳೆ ಬರೋ ಹಾಗಿದೆ. ಕುತ್ತಿಗೆಗೆ ಏನಾದ್ರೂ ಸುತ್ಕೊಂಡು ಹೋಗಿ" ಎಂದೆ.

ಮನೆಗೆ ಬಂದಮೇಲೆ ಕಿಜ್ಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಎಂದು ಕೇಳಿದೆ. "ಏನಿಲ್ಲ" ಎಂದಳು. ಶೇಂಗಾ ಸಾರು ಇವತ್ತು ತಳ ಹಿಡಿದಿರಲಿಲ್ಲ.

ಜುಲೈ 22

ಕಂಪಾಲದವರು ಡ್ರೈಯರ್ ಬಿಚ್ಚುವುದಿಲ್ಲ. ಇನ್ನೊಂದನ್ನು ಕಳಿಸಿದ್ದಾರೆ! ಅದಕ್ಕೊಂದು ಹೊಸ ಪ್ಯಾನೆಲ್. ಮ್ಯಾನೇಜರ್ ಸಾಹೇಬರು ಸಕ್ಕರೆ ಹಾಕಿದ ಚಹಾ ಕುಡಿಸಿದರು. ಒಂದೇ ತೊಡಕು. ಎರಡೂ ಒಂದೇ ದನಿಯಲ್ಲಿ ಕೂಗಿದರೆ ಯಾವುದು ಕೆಟ್ಟಿದೆ ಎಂದು ತಿಳಿಯುವುದಿಲ್ಲ. ಬೇರೆ ದನಿ ಬೇಕು.

ಅತ್ತೆಗೆ ಮಾತಾಡಲು ಡಾಕ್ಟರ್ ಅಪ್ಪಣೆ ಕೊಟ್ಟಿದ್ದಾರೆ. ಆದರೆ ಬರುವುದು ಪಿಸುಮಾತಿನಷ್ಟೇ. ಇನ್ನು ಮುಂದೆ ಕೂಗುವ ಹಾಗೇ ಇಲ್ಲವಂತೆ. ಯಾರ ದನಿ ಹಾಕೋಣ ಎಂದು ಮೇಡಂ ಅತ್ತೆಯನ್ನೇ ಕೇಳಿದ್ದಾರೆ. ಅತ್ತೆ ಕೊಟ್ಟ ಉತ್ತರ ಕೇಳಿ ಮುತ್ಯಾಬ ಮತ್ತೆ ನೆಲದಲ್ಲಿ ಉರುಳಾಡಿದ.

"ನಮ್ಮ ಅಳಿಯಂದಿರದು" ಎಂದರಂತೆ.

ಜುಲೈ 24

ಇವತ್ತು ಬೈಯುವ ಪಾಠ. ಮೇಡಂ ಮೈಕು ಹಿಡಿದು ನಿಂತರು. ಮೊದಲಿನ ಡ್ರೈಯರಿನ ಪ್ಯಾನೆಲ್ಲಿನ ಹಿಂದೆ ಸ್ಟೂಲಿನ ಮೇಲೆ ಅತ್ತೆ, ಅವರ ಪಕ್ಕ ಕಿಜ್ಜಾ. ಈ ಕಡೆ ನಾನು.

"ದಯವಿಟ್ಟು ಬಾಗಿಲು ಹಾಕಿ" ಎಂದೆ.

ಹಿಂದಿನಿಂದ ಪಿಸುಪಿಸು. ಕಿಜ್ಜಾ ಕೂಗಿ ಹೇಳಿದಳು. "ಇದೇನು ಪಾದ್ರಿ ಹತ್ರ ಪಾಪ ನಿವೇದನೆ ಮಾಡ್ತಿದೀರಾ ಅಂತ ಕೇಳ್ತಿದಾರೆ."

"ಬಾಗಿಲು ಹಾಕ್ರೋ!"

"ಆಡಿನ ಮರಿ ಕರೆದ ಹಾಗಿದೆಯಂತೆ."

"ನಂಗೆ ಬೈಯೋಕೆ ಬರಲ್ಲ ಕಿಜ್ಜಾ! ಎದುರಿಗೆ ಯಾರೂ ಇಲ್ಲದೆ ಹ್ಯಾಗೆ ಬೈಯೋದು?"

ಮತ್ತೆ ಪಿಸುಪಿಸು. ಈ ಸಲ ಕಿಜ್ಜಾ ಏನೂ ಹೇಳಲಿಲ್ಲ. ದನಿ ನೇರವಾಗಿ ಬಂತು. ಒಣಗಿದ ಬಾಳೆಲೆ ಉಜ್ಜಿದ ಹಾಗೆ, ತೆಳ್ಳಗೆ. ಅದು ಅತ್ತೆಯ ದನಿ ಎಂದು ನಂಬಲು ಹೊತ್ತು ಬೇಕಾಯಿತು.

"ನಾನೇ ಇದೀನಲ್ಲ ಅಳಿಯಂದಿರೇ. ನಾನೇ ಬಾಗಿಲು ತೆಗೆದಿಟ್ಟು ಹೋದೆ ಅಂದ್ಕೊಳ್ಳಿ. ಒಂದೂವರೆ ತಿಂಗಳಿಂದ ನಿಮ್ಮನ್ನ ಎಲ್ಲರೆದುರು ಬೈದಿದೀನಿ. ಈಗ ಬಿಡಿ ನೋಡೋಣ."

ಕಣ್ಣು ಮುಚ್ಚಿದೆ. ಹರಿದ ಪ್ಯಾಂಟುಗಳು, ಮರಗೆಣಸಿನ ತೋಟದ ಕೆಸರು, ಹಮಾಲರ ನಗು, ಮಾವಿನ ಮರದ ಕೆಳಗೆ ಕೂತ ಆ ಮಧ್ಯಾಹ್ನ, ಗಂಟಲಲ್ಲಿ ಗಂಟು ಇಟ್ಟುಕೊಂಡು ಯಾರಿಗೂ ಹೇಳದೆ ಇದ್ದ ಈ ಹೆಂಗಸು, ಎಲ್ಲ ಒಟ್ಟಿಗೆ ಬಂತು.

"ಏಯ್! ಬುದ್ಧಿ ಇದೆಯಾ ನಿಂಗೆ? ಬಾಗಿಲು ಹಾಕು! ಏನಾದ್ರೂ ಆದ್ರೆ ಯಾರು ನೋಡ್ಕೋಬೇಕು ನಿನ್ನ? ಮೊದ್ಲೇ ಹೇಳೋಕೇನಾಗಿತ್ತು!"

ಕಿಟಕಿಯ ಗಾಜು ಅದುರಿತು. ಅಂಗಳದಲ್ಲಿ ಮೂಟೆ ಬಿದ್ದ ಸದ್ದು ಕೇಳಿತು. ಅತ್ತೆಗೆ ಏಕವಚನ! ದೊಡ್ಡಪ್ಪ ಜಕಾಲಿಯ ಕೇಳಿದ್ದರೆ ನನ್ನನ್ನು ಬಳಗದಿಂದಲೇ ತೆಗೆಯುತ್ತಿದ್ದ. ನಾನು ಬೈಗುಳಕ್ಕೆ ಕಾಯುತ್ತ ನಿಂತೆ.

ಪ್ಯಾನೆಲ್ಲಿನ ಹಿಂದೆ ಬಾಳೆಲೆ ಉಜ್ಜಿದ ಹಾಗೆ ಒಂದು ಸದ್ದು ಶುರುವಾಯಿತು. ನಿಲ್ಲಲೇ ಇಲ್ಲ. ಅತ್ತೆ ನಗುತ್ತಿದ್ದರು.

"ಇದೇ ಇರ್ಲಿ" ಎಂದರು, ಉಸಿರು ಸಿಕ್ಕಿದ ಮೇಲೆ. "ಇದಕ್ಕೆ ಎಲ್ಲರೂ ಓಡಿ ಬರ್ತಾರೆ."

"ಕೊನೇ ಮಾತು ತೆಗೀಬೇಕಾ?" ಎಂದರು ಮೇಡಂ. "ಬಾಗಿಲಿಗೂ ಅದಕ್ಕೂ ಸಂಬಂಧ ಇಲ್ಲ."

"ಬೇಡಮ್ಮ. ಹಾಗೇ ಬಿಡು."

ಜುಲೈ 27

ಎರಡನೇ ಡ್ರೈಯರ್ ಶುರುವಾಯಿತು. ಮುತ್ಯಾಬ ಮೊದಲು ಮಾಡಿದ ಕೆಲಸವೆಂದರೆ ಎರಡೂ ಪ್ಯಾನೆಲ್ಲುಗಳ ಬಾಗಿಲನ್ನು ಒಟ್ಟಿಗೆ ಸಡಿಲಿಸಿದ್ದು. ಅತ್ತೆ ನನ್ನಪ್ಪನ ಮನೆಗೆ ಹೋದರು, ನಾನು ಅವರ ಬುದ್ಧಿಗೆ ಹೋದೆ. ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಏರಿ ಹೋದೆವು. ಹಮಾಲರು ಕೆಲಸ ಬಿಟ್ಟು ಎರಡು ಪಕ್ಷ ಕಟ್ಟಿಕೊಂಡು ಚಪ್ಪಾಳೆ ಹೊಡೆದರು. ಮ್ಯಾನೇಜರ್ ಸಾಹೇಬರು ಎರಡೂ ಬಾಗಿಲನ್ನು ತಾವೇ ಮುಚ್ಚಿ ಬೀಗ ಹಾಕಿ ಬೀಗದಕೈಯನ್ನು ಕಿಸೆಗೆ ಹಾಕಿಕೊಂಡರು.

ಸಂಜೆ ಕಿಜ್ಜಾ ಬಂದು ಹೇಳಿದಳು, "ಅಂಗಡೀಲಿ ಬಂದು ಕೂತಿದ್ದ ಅಮ್ಮನಿಗೆ ಕೇಳಿಸ್ತಂತೆ. ಅಳಿಯಂದಿರ ಗಂಟಲು ಪರವಾಗಿಲ್ಲ, ಆದ್ರೆ ಮಧ್ಯದಲ್ಲಿ ಉಸಿರು ತಗೊಳ್ತಾರೆ, ಅಷ್ಟರಲ್ಲಿ ನಾನು ಮುಂದೆ ಹೋಗ್ಬಿಡ್ತೀನಿ ಅಂದ್ರು. ನಾಳೆ ಬಂದು ಸರಿಮಾಡ್ತಾರಂತೆ."

ನಾಳೆ ಭಾನುವಾರ, ರಜೆ. ಆದರೂ ಬೇಗ ಹೋಗಬೇಕು. ಪ್ಯಾನೆಲ್ಲಿನ ಹಿಂದೆ ಆ ಸ್ಟೂಲು ಬೇಡ, ಆಫೀಸಿನಿಂದ ಒರಗುವ ಕುರ್ಚಿಯೊಂದನ್ನು ಒಯ್ದು ಹಾಕಬೇಕು. ಹೊತ್ತು ಕೂತರೆ ಅವರಿಗೆ ಬೆನ್ನು ನೋಯುತ್ತದೆ.